ಬೀಗದ ಕೈಯ ವಿಚಾರ

ಮನೆಗೆ ಬೀಗ ಹಾಕಿ ಊರಿಗೆ ಹೊರಡುವಾಗ ಗೃಹಿಣಿಯು ಎರಡು ಸಲ ಬೀಗವನ್ನು ಎಳೆದು ನೋಡುತ್ತಾಳೆ. ಗೃಹಸ್ಥನು ಬೀದಿಯ ತಿರುವಿನವರೆಗೂ ಹೋಗಿ, ಏನೋ ಅನುಮಾನ ಬಂದು ಹಿಂದಿರುಗಿ, ಮೂರನೆಯ ಸಲ ಎಳೆದು ನೋಡುತ್ತಾನೆ. ನಮ್ಮ ನಾಡಿನಲ್ಲಿ ಇದು ನಡೆಯದ ಮನೆಯಿಲ್ಲ. ಹಾಗೆ ಎಳೆದು ನೋಡುವುದಕ್ಕೆ ಆಸ್ಪದವೇ ಇಲ್ಲದ ಬೀಗಗಳ ಸಹವಾಸವು ಕೆಲವು ವಾರಗಳ ಹಿಂದೆ ನಮಗೆ ಒದಗಿತು. ಅದರಿಂದ ಹುಟ್ಟಿದ ಯೋಚನೆಗಳನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮಲ್ಲಿ ಹಿಂದೆ ಓದಿದ ಶಿಷ್ಯನೊಬ್ಬನು ಬೆಂಗಳೂರಿನ ದೊಡ್ಡದೊಂದು ಕಛೇರಿಯಲ್ಲಿ ಕೆಲಸದಲ್ಲಿದ್ದಾನೆ. ತನ್ನ ಕಛೇರಿಯನ್ನು ಒಮ್ಮೆ ಬಂದು ನೋಡಬೇಕೆಂದು ಅವನು ಬಹುದಿನಗಳಿಂದ ಒತ್ತಾಯಪಡಿಸುತ್ತಿದ್ದನು. ಹೋದೆವು. ಬಾಗಿಲಿನಲ್ಲಿಯೇ ನಮ್ಮ ಹೆಸರನ್ನು ಬರೆದುಕೊಂಡು, ಭಾವಚಿತ್ರವನ್ನು ಹಿಡಿದು, ಒಂದು ಕಾರ್ಡನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿದರು. ಶಿಷ್ಯನು ತನ್ನ ಕಾರ್ಡನ್ನು ಗೋಡೆಯ ಮೇಲಿನ ಕರಿಯ ಪೆಟ್ಟಿಗೆಯೊಂದಕ್ಕೆ ತೋರಿಸಿದನು, 'ಟಿಕ್' ಎಂದಿತು, ಗಾಜಿನ ಕದವು ತೆರೆಯಿತು. ಆರನೆಯ ಅಂತಸ್ತಿಗೆ ಹೋಗುವಷ್ಟರಲ್ಲಿ ಇಂಥ ನಾಲ್ಕು 'ಟಿಕ್'ಗಳನ್ನು ದಾಟಿದೆವು. ಕಛೇರಿಯನ್ನೆಲ್ಲ ತೋರಿಸಿ, ಕಾಫಿ ಕೊಡಿಸಿ, ಯಾವುದೋ ಕರೆ ಬಂದಿತೆಂದು ಅವನು ಕ್ಷಮೆ ಕೇಳಿ ಒಳಗೆ ಹೋದನು. ಅವನಿಗೇಕೆ ತೊಂದರೆಯೆಂದು ನಾವೇ ಕೆಳಗಿಳಿಯಲು ನಿಶ್ಚಯಿಸಿದೆವು. ಲಿಫ್ಟಿನ ಮೇಲೆ ನಮಗೆ ಮೊದಲಿನಿಂದಲೂ ಅಷ್ಟು ವಿಶ್ವಾಸವಿಲ್ಲ. ಮೆಟ್ಟಲಿನ ಕಡೆಯಿಂದ ಬರುತ್ತಿದ್ದ ಯುವಕನೊಬ್ಬನು ನಮ್ಮ ನರೆತ ತಲೆಯನ್ನು ಕಂಡು ಗೌರವದಿಂದ ಬಾಗಿಲನ್ನು ಹಿಡಿದು ನಿಂತನು. ನಾವು ಅವನನ್ನು ಹರಸಿ ಮೆಟ್ಟಲಿಗೆ ಕಾಲಿಟ್ಟೆವು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಆರು ಅಂತಸ್ತುಗಳನ್ನು ಇಳಿದು ಕೆಳಗಿನ ಬಾಗಿಲನ್ನು ನೂಕಿದರೆ ಅದು ಅಲುಗಲಿಲ್ಲ. ಕಾರ್ಡನ್ನು ತೋರಿಸಿದೆವು, ಕೆಂಪು ದೀಪ. ತಿರುಗಿಸಿ ತೋರಿಸಿದೆವು, ಮತ್ತೆ ಕೆಂಪು. ಒಂದು ಅಂತಸ್ತು ಹತ್ತಿ ಅಲ್ಲಿಯ ಬಾಗಿಲನ್ನು ನೋಡಿದೆವು, ಅಲ್ಲಿಯೂ ಕೆಂಪು. ಮೊಬೈಲು ಫೋನಿನಲ್ಲಿ ಶಿಷ್ಯನನ್ನು ಕರೆಯೋಣವೆಂದರೆ ಆ ಕಲ್ಲುಗೋಡೆಗಳ ನಡುವೆ ಅದಕ್ಕೂ ಜೀವವಿಲ್ಲ. ಕದವನ್ನು ತಟ್ಟಿದೆವು, ಕೂಗಿದೆವು, ಕಡೆಗೆ ಮೆಟ್ಟಲಿನ ಮೇಲೆ ಕುಳಿತೆವು. ಕಿಟಕಿಯಿಲ್ಲದ ಜಾಗ, ಗಾಳಿ ಕಡಿಮೆ. ಮೂವತ್ತು ವರ್ಷಕಾಲ ಹುಡುಗರನ್ನು ತರಗತಿಯಲ್ಲಿ ಕೂಡಿಹಾಕಿದ ಪಾಪವು ಈ ರೂಪದಲ್ಲಿ ಬಂದಿತೇನೋ ಎಂದು ನಗುವುದಕ್ಕೆ ಪ್ರಯತ್ನಪಟ್ಟೆವು, ನಗು ಬರಲಿಲ್ಲ.

ಇಪ್ಪತ್ತು ನಿಮಿಷಗಳ ಮೇಲೆ ಕೆಳಗಿನ ಬಾಗಿಲು ತೆರೆದು, ಬಕೆಟ್ಟು ಹಿಡಿದ ಹೆಂಗಸೊಬ್ಬಳು ಒಳಕ್ಕೆ ಬಂದಳು. ಕಸಗುಡಿಸಿ ನೆಲವೊರಸುವ ಕೆಲಸದವಳು. ನಮ್ಮನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಸಿಕ್ಕಾಕ್ಕೊಂಡ್ರಾ ಸ್ವಾಮಿ? ವಾರಕ್ಕೊಬ್ರು ಇದ್ದೇ ಇರ್ತಾರೆ" ಎಂದು ಕದವನ್ನು ಕಾಲಿನಿಂದ ತಡೆದು ನಿಂತಳು. ನಾವು ಉಪಚಾರದ ಮಾತಾಡುತ್ತ, ನಿನ್ನ ಕಾರ್ಡು ನಮ್ಮದಕ್ಕಿಂತ ದೊಡ್ಡ ಅಧಿಕಾರದ್ದಮ್ಮ ಎಂದೆವು. ಅದಕ್ಕೆ ಅವಳು, "ಎರಡು ಗಂಟೆವರೆಗೆ ಅಷ್ಟೇ ಸ್ವಾಮಿ. ಎರಡಕ್ಕೆ ನಮ್ಮ ಪಾಳಿ ಮುಗೀತು, ಕಾರ್ಡೂ ಸತ್ತೋಯ್ತು. ಕೆಲಸ ಉಳಿದು ಹತ್ತು ನಿಮಿಷ ಮೇಲಾದ್ರೆ ಹಿಂದಿನ ಬಾಗಿಲಿನಲ್ಲಿ ಮೇಸ್ತ್ರಿ ಬರೋವರೆಗೆ ಕೂತಿರ್ಬೇಕು. ಅವ್ರ ಕಾರ್ಡಿನಲ್ಲೇ ಹೊರಗೆ ಹೋಗ್ಬೇಕು" ಎಂದಳು. ಅವಳು ಇದನ್ನು ದೂರಾಗಿ ಹೇಳಲಿಲ್ಲ. ಮಳೆಬಿಸಿಲಿನ ವಿಷಯ ಹೇಳುವಂತೆ ಹೇಳಿದಳು. ನಾವು ಮನೆಗೆ ಬಂದ ಮೇಲೆಯೂ ಆ ಮಾತು ಕಿವಿಯಲ್ಲಿಯೇ ನಿಂತಿದ್ದಿತು.

ಈ ಬೀಗದ ಮರ್ಮವನ್ನು ತಿಳಿಯಬೇಕೆಂಬ ಹಟ ಹುಟ್ಟಿ, ಶಿಷ್ಯನನ್ನು ಕೇಳಿಯೂ ಪುಸ್ತಕಗಳನ್ನು ನೋಡಿಯೂ ತಿಳಿದುಕೊಂಡೆವು. ಆ ಕಾರ್ಡಿನೊಳಗೆ ಬ್ಯಾಟರಿಯಿಲ್ಲ. ಅಂಚಿನ ಸುತ್ತ ಕೂದಲೆಳೆಯಂಥ ಲೋಹದ ತಂತಿಯ ಸುರುಳಿ, ಎಳ್ಳುಕಾಳಿನಷ್ಟು ಒಂದು ಚಿಪ್ಪು, ಇಷ್ಟೆ. ಗೋಡೆಯ ಮೇಲಿನ ಪೆಟ್ಟಿಗೆಯು ತನ್ನ ಸುತ್ತಲೂ ಎಡೆಬಿಡದೆ ಬದಲಾಯಿಸುತ್ತಿರುವ ಕಾಂತಕ್ಷೇತ್ರವನ್ನು ಹರಡಿಕೊಂಡಿರುತ್ತದೆ. ಹಳೆಯ ಬಗೆಯ ಕಾರ್ಡುಗಳಲ್ಲಿ ಈ ಬದಲಾವಣೆಯು ಸೆಕೆಂಡಿಗೆ ೧ ಲಕ್ಷ ೨೫ ಸಾವಿರ ಸಲ. ಈಚಿನವುಗಳಲ್ಲಿ ೧ ಕೋಟಿ ೩೫ ಲಕ್ಷ ೬೦ ಸಾವಿರ ಸಲ. ಕಾರ್ಡು ಹತ್ತಿರ ಬಂದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ತತ್ತ್ವವೇ ಇದು, ಹೊಸದೇನೂ ಅಲ್ಲ. ಆ ಕಿಂಚಿತ್ ವಿದ್ಯುತ್ತಿನಿಂದ ಚಿಪ್ಪು ಎಚ್ಚೆತ್ತು ತನ್ನ ಸಂಖ್ಯೆಯನ್ನು ನುಡಿಯುತ್ತದೆ. ಪೆಟ್ಟಿಗೆಯು ಅದನ್ನು ಒಳಗಿನ ಯಂತ್ರಕ್ಕೆ ತಿಳಿಸುತ್ತದೆ. ಈ ಸಂಖ್ಯೆಯವನು, ಈ ಬಾಗಿಲಿನಲ್ಲಿ, ಈ ಹೊತ್ತಿನಲ್ಲಿ ಹೋಗಬಹುದೇ ಎಂದು ಆ ಯಂತ್ರವು ಪಟ್ಟಿಯನ್ನು ನೋಡುತ್ತದೆ. ಹೌದಾದರೆ ಬೀಗ ಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೆಲ್ಲ ನಡೆದುಹೋಗುತ್ತದೆ.

ಬೀಗವೆಂದರೆ ಅಲ್ಲಿ ಅಗುಳಿಯೂ ಇಲ್ಲ, ಕೊಂಡಿಯೂ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ಒಂದು ವಿದ್ಯುದಯಸ್ಕಾಂತ, ಕದದ ಮೇಲೆ ಒಂದು ಉಕ್ಕಿನ ತಗಡು. ವಿದ್ಯುತ್ತು ಹರಿಯುತ್ತಿರುವವರೆಗೂ ಎರಡೂ ಅಂಟಿಕೊಂಡಿರುತ್ತವೆ. ಸಾಧಾರಣವಾದುದೂ ೬೦೦ ಪೌಂಡು, ಎಂದರೆ ಸುಮಾರು ೨೭೦ ಕಿಲೋಗ್ರಾಮಿನ ಸೆಳೆತವನ್ನು ತಡೆಯುತ್ತದೆ. ದೊಡ್ಡದು ಅದರ ಎರಡರಷ್ಟನ್ನು ತಡೆಯುತ್ತದೆ. ನಮ್ಮಂಥ ಉಪಾಧ್ಯಾಯರು ನಾಲ್ಕು ಜನ ಸೇರಿ ನೂಕಿದರೂ ಅದು ಜಗ್ಗುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಈ ಹೊಸ ಬೀಗಗಳ ವೈರಿಗಳೆಂದು ವಾಚಕರು ಭಾವಿಸಕೂಡದು. ನಾವು ಕೆಲಸಮಾಡುತ್ತಿದ್ದ ಒಂದು ಶಾಲೆಯಲ್ಲಿ ವಿಜ್ಞಾನದ ಕೊಠಡಿಯಿಂದ ಸೂಕ್ಷ್ಮದರ್ಶಕಯಂತ್ರವೊಂದು ಕಾಣೆಯಾಯಿತು. ಬೀಗದ ಕೈಗೊಂಚಲು ಜವಾನನ ಸೊಂಟದಲ್ಲಿರುತ್ತಿದ್ದಿತಾದ್ದರಿಂದ ಎಲ್ಲರ ಕಣ್ಣೂ ಅವನ ಮೇಲೆ ಬಿದ್ದಿತು. ಎರಡು ತಿಂಗಳಕಾಲ ಆತನು ತಲೆ ತಗ್ಗಿಸಿಕೊಂಡೇ ಗಂಟೆ ಬಾರಿಸಿದನು. ಆಮೇಲೆ ತಿಳಿದುದೇನೆಂದರೆ, ಎಂದೋ ವರ್ಗವಾಗಿ ಹೋಗಿದ್ದ ಉಪಾಧ್ಯಾಯರೊಬ್ಬರು ತಮ್ಮ ಅನುಕೂಲಕ್ಕಾಗಿ ಸಂತೆಯಲ್ಲಿ ಎರಡನೆಯ ಕೈಯೊಂದನ್ನು ಮಾಡಿಸಿಟ್ಟುಕೊಂಡಿದ್ದರು; ಅದು ಕೈಯಿಂದ ಕೈಗೆ ದಾಟಿ, ಅದನ್ನು ಪಡೆದವರೊಬ್ಬರು ಯಂತ್ರವನ್ನು ಮಗನ ವ್ಯಾಸಂಗಕ್ಕೆಂದು ಮನೆಗೆ ಒಯ್ದಿದ್ದರು. ಯಂತ್ರ ಹಿಂದಕ್ಕೆ ಬಂದಿತು. ಜವಾನನನ್ನು ಯಾರೂ ಕ್ಷಮೆ ಕೇಳಲಿಲ್ಲ. ನಾವೂ ಕೇಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದೇ. ಲೋಹದ ಕೀಲಿಗೆ ನೆನಪೆಂಬುದಿಲ್ಲ. ಅದರ ನಕಲುಗಳೆಷ್ಟೆಂದು ಅದಕ್ಕೇ ತಿಳಿಯದು. ಕಾರ್ಡಿನ ಬೀಗವಾಗಿದ್ದರೆ ಯಾವ ದಿನ ಎಷ್ಟು ಗಂಟೆಗೆ ಯಾರು ಬಾಗಿಲು ತೆರೆದರೆಂಬುದು ಬರೆದಿರುತ್ತಿದ್ದಿತು. ವರ್ಗವಾಗಿ ಹೋದವರ ಸಂಖ್ಯೆಯನ್ನು ಪಟ್ಟಿಯಿಂದ ಹೊಡೆದುಹಾಕಿದ್ದರೆ ಸಾಕಾಗುತ್ತಿದ್ದಿತು. ಬಡವನ ಮಾನವನ್ನು ಉಳಿಸುವ ಸಾಕ್ಷಿಯೆಂಬ ಕಾರಣಕ್ಕಾದರೂ ಈ ಬೀಗಕ್ಕೆ ನಮ್ಮ ನಮಸ್ಕಾರವಿದೆ. ಅದೇ ಸಾಕ್ಷಿಯು ಗುಮಾಸ್ತನು ಕಾಫಿಗೆಂದು ಹೋದ ನಿಮಿಷಗಳನ್ನೂ ಎಣಿಸುತ್ತದೆಂಬುದು ಬೇರೆ ಮಾತು.

ಕಾರ್ಡಿಗೆ ನಕಲಿಲ್ಲವೆಂದು ತಿಳಿಯುವುದೂ ತಪ್ಪು. ಹಳೆಯ ಬಗೆಯವು ಕೇಳಿದವರಿಗೆಲ್ಲ ಒಂದೇ ಸಂಖ್ಯೆಯನ್ನು ಒಪ್ಪಿಸಿಬಿಡುವುದರಿಂದ, ಆ ಸಂಖ್ಯೆಯನ್ನು ಕದ್ದು ಕೇಳಿ ಇನ್ನೊಂದು ಕಾರ್ಡಿಗೆ ಬರೆಯುವುದು ಸುಲಭ. ಈಚಿನವುಗಳಲ್ಲಿ ಗೂಢಲಿಪಿಯಿದೆ. ಅವುಗಳಲ್ಲಿ ಮೈಫೇರ್ ಕ್ಲಾಸಿಕ್ ಎಂಬುದು ಲೋಕದಲ್ಲೆಲ್ಲ ಹರಡಿದ್ದಿತು. ಅದರ ಗೂಢಕ್ರಮವನ್ನು ತಯಾರಿಸಿದವರು ರಹಸ್ಯವಾಗಿಟ್ಟಿದ್ದರು. ಅದನ್ನು ೨೦೦೮ರಲ್ಲಿ ಹಾಲೆಂಡಿನ ನೈಮೇಗನ್ ಪಟ್ಟಣದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಭೇದಿಸಿಬಿಟ್ಟರು. ಪ್ರಕಟಿಸಕೂಡದೆಂದು ತಯಾರಿಕೆಯವರು ನ್ಯಾಯಾಲಯಕ್ಕೆ ಹೋದರು, ನ್ಯಾಯಾಲಯವು ಒಪ್ಪಲಿಲ್ಲ. ಇದಕ್ಕೆ ನೂರಿಪ್ಪತ್ತೈದು ವರ್ಷಗಳ ಹಿಂದೆಯೇ, ೧೮೮೩ರಲ್ಲಿ, ಆಗಸ್ಟ್ ಕೆರ್ಕಾಫ್ಸ್ ಎಂಬಾತನು, ಯಂತ್ರದ ರಚನೆಯು ಶತ್ರುವಿನ ಕೈಗೆ ಸಿಕ್ಕಿದರೂ ಕೀಲಿಯೊಂದು ಗುಟ್ಟಾಗಿದ್ದರೆ ರಕ್ಷಣೆಯು ಕೆಡಬಾರದೆಂದು ಬರೆದಿದ್ದನು. ಆತನೂ ಹಾಲೆಂಡಿನಲ್ಲಿ ಹುಟ್ಟಿದವನೇ. ಪ್ಯಾರಿಸ್ಸಿನಲ್ಲಿ ಜರ್ಮನ್ ಭಾಷೆಯನ್ನು ಕಲಿಸುತ್ತಿದ್ದ ಉಪಾಧ್ಯಾಯ. ಭಾಷೆಯ ಮೇಷ್ಟ್ರುಗಳಿಗೆ ಲೋಕವ್ಯವಹಾರ ತಿಳಿಯದೆನ್ನುವವರು ಇದನ್ನು ಗಮನಿಸಬೇಕು.

ಇದೆಲ್ಲ ಒಳಕ್ಕೆ ಬರುವವನ ವಿಚಾರ. ನಮ್ಮನ್ನು ಮೆಟ್ಟಲಿನ ಮೇಲೆ ಕೂರಿಸಿದುದು ಹೊರಕ್ಕೆ ಹೋಗುವವನ ವಿಚಾರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಲ್ಲಿಯೇ ತಪ್ಪಿರುವುದೆಂದು ನಮಗೆ ತೋರುತ್ತದೆ.

ಈ ತಪ್ಪು ಹೊಸದೂ ಅಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕವನ್ನು ತೆತ್ತವನಿಗೆ ಅವನು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನು ಮಾತ್ರ ಜನಪದವನ್ನು ಪ್ರವೇಶಿಸಬಹುದು, ಇಲ್ಲವೆ ಬಿಟ್ಟು ಹೋಗಬಹುದು. ಮುದ್ರೆಯಿಲ್ಲದ ನಾಡಿಗನಿಗೆ ೧೨ ಪಣ ದಂಡ. ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದಿದವರಿಗೆ ಐದನೆಯ ಅಂಕವು ನೆನಪಿರಬಹುದು. ಅಲ್ಲಿ ಮಲಯಕೇತುವಿನ ಪಾಳೆಯದಿಂದ ಹೊರಕ್ಕೆ ಹೋಗುವುದಕ್ಕೂ ಮುದ್ರೆ ಬೇಕು. ಸಿದ್ಧಾರ್ಥಕನು ಮುದ್ರೆಯಿಲ್ಲದೆ ಹೊರಟು ಸಿಕ್ಕಿಬೀಳುತ್ತಾನೆ. ಸಿಕ್ಕಿಬೀಳುವುದೇ ಅವನ ಉದ್ದೇಶವಾಗಿದ್ದುದರಿಂದ ಅಲ್ಲಿ ಕಥೆ ನಡೆಯಿತು. ಯುದ್ಧಕಾಲದ ಪಾಳೆಯಕ್ಕೆ ಅದು ಸರಿ. ಹೊರಕ್ಕೆ ಹೋಗುವವನು ಗೂಢಚಾರನಿರಬಹುದು. ಆದರೆ ದುಡಿದು ದಣಿದು ಮನೆಗೆ ಹೋಗುವವನನ್ನು ಗೂಢಚಾರನಂತೆ ನೋಡಿದರೆ ಏನಾಗಬಹುದೆಂಬುದಕ್ಕೆ ನಾಟಕವಲ್ಲದ ದೃಷ್ಟಾಂತವೊಂದಿದೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಟ್ರಯಾಂಗಲ್ ಎಂಬ ಹೆಸರಿನ ಕಾರ್ಖಾನೆಯೊಂದಿದ್ದಿತು. ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಹೆಂಗಸರ ರವಕೆಗಳನ್ನು ಹೊಲಿಯುತ್ತಿದ್ದರು. ಹೊಲಿಯುವವರಲ್ಲಿ ಬಹುಮಂದಿ ಇಟಲಿಯಿಂದಲೂ ಪೂರ್ವ ಯೂರೋಪಿನಿಂದಲೂ ಹೊಟ್ಟೆಪಾಡಿಗೆ ಬಂದ ಹುಡುಗಿಯರು. ೧೯೧೧ನೆಯ ಇಸವಿ ಮಾರ್ಚಿ ೨೫ನೆಯ ತಾರೀಖು, ಶನಿವಾರ, ಸಂಜೆ ಕೆಲಸ ಬಿಡುವ ಹೊತ್ತಿಗೆ ಎಂಟನೆಯ ಅಂತಸ್ತಿನಲ್ಲಿ ಬೆಂಕಿ ಹತ್ತಿತು. ಒಂಬತ್ತನೆಯ ಅಂತಸ್ತಿನಿಂದ ಇಳಿಯಲು ಎರಡು ಮೆಟ್ಟಲುಗಳಿದ್ದವು. ಒಂದರ ಕಡೆ ಬೆಂಕಿ. ಇನ್ನೊಂದರ ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆಯ ಚೂರನ್ನೋ ಲೇಸನ್ನೋ ಕದ್ದೊಯ್ದಾರೆಂದು, ಎಲ್ಲರೂ ಒಂದೇ ಬಾಗಿಲಿನಿಂದ ಹೊರಟು ಕೈಚೀಲಗಳನ್ನು ತೆರೆದು ತೋರಿಸಿ ಹೋಗಬೇಕೆಂಬ ಏರ್ಪಾಡು ಅಲ್ಲಿದ್ದಿತು. ಹೊರಗಿನ ಕಬ್ಬಿಣದ ಏಣಿಯು ಜನರ ಭಾರಕ್ಕೆ ಕುಸಿಯಿತು. ಬೆಂಕಿಯ ಏಣಿಗಾಡಿಗಳು ಅಷ್ಟು ಎತ್ತರಕ್ಕೆ ಮುಟ್ಟಲಿಲ್ಲ. ಅನೇಕರು ಕಿಟಕಿಗಳಿಂದ ಹಾರಿದರು. ಸತ್ತವರು ೧೪೬ ಮಂದಿ. ಅವರಲ್ಲಿ ೧೨೩ ಮಂದಿ ಹೆಣ್ಣುಮಕ್ಕಳು. ಒಡೆಯರಿಬ್ಬರ ಮೇಲೆ ವಿಚಾರಣೆ ನಡೆಯಿತು. ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗವಿದ್ದುದು ಅವರಿಗೆ ತಿಳಿದಿತ್ತೆಂಬುದು ಸಂಶಯವಿಲ್ಲದೆ ಸಿದ್ಧವಾಗಲಿಲ್ಲವೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದರು. ಬೀದಿಯಲ್ಲಿ ನಿಂತು ಈ ದುರಂತವನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆಯೊಬ್ಬಳು. ಆಕೆಯು ೧೯೩೩ರಲ್ಲಿ ಆ ದೇಶದ ಕಾರ್ಮಿಕ ಮಂತ್ರಿಣಿಯಾದಳು. ಅಮೆರಿಕದ ಮಂತ್ರಿಮಂಡಲದಲ್ಲಿ ಕುಳಿತ ಮೊದಲನೆಯ ಹೆಂಗಸು ಆಕೆಯೇ.

ಇದು ಒಂದು ಶತಮಾನದ ಹಿಂದಿನ ಮಾತಾಯಿತೆನ್ನಬೇಡಿ. ೨೦೧೨ರ ಸೆಪ್ಟೆಂಬರ್ ೧೧ರಂದು ಕರಾಚಿಯ ಬಟ್ಟೆಯ ಕಾರ್ಖಾನೆಯೊಂದರಲ್ಲಿ ೨೫೦ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯನ್ನು ದುರುದ್ದೇಶದಿಂದ ಇಟ್ಟುದೆಂದು ನ್ಯಾಯಾಲಯವು ೨೦೨೦ರಲ್ಲಿ ತೀರ್ಮಾನಿಸಿತು. ಆದರೆ ಇಟ್ಟವರು ಯಾರೇ ಆಗಲಿ, ಹೊರಗೆ ಹೋಗುವ ಬಾಗಿಲುಗಳು ಮುಚ್ಚಿದ್ದುದರಿಂದಲ್ಲವೆ ಅಷ್ಟು ಜನ ಸತ್ತುದು? ನಮ್ಮ ಬೆಂಗಳೂರಿನಲ್ಲಿಯೇ ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್‌ಟನ್ ಟವರ್ಸ್ ಎಂಬ ಏಳಂತಸ್ತಿನ ಕಟ್ಟಡದಲ್ಲಿ ಹೊಗೆ ತುಂಬಿ, ಉಸಿರಿಗಾಗಿ ಜನರು ಕಿಟಕಿಯ ಗಾಜೊಡೆದು ಕೆಳಕ್ಕೆ ಹಾರಿದರು. ಒಂಬತ್ತು ಜನ ತೀರಿಕೊಂಡರು. ಬೆಂಕಿಗಿಂತ ಮೊದಲು ಹೊಗೆಯು ಮನುಷ್ಯನನ್ನು ಹಿಡಿಯುತ್ತದೆ. ಹೊಗೆಯಲ್ಲಿರುವವನಿಗೆ ಕಾರ್ಡನ್ನು ಹುಡುಕಿ ಪೆಟ್ಟಿಗೆಗೆ ತೋರಿಸುವಷ್ಟು ವ್ಯವಧಾನವಿರುವುದಿಲ್ಲ.

ಇದಕ್ಕೆ ಪರಿಹಾರವೂ ಹಳೆಯದೇ. ೧೯೦೩ರ ಡಿಸೆಂಬರ್ ೩೦ರಂದು ಶಿಕಾಗೋ ನಗರದ ಇರೊಕ್ವಾ ನಾಟಕಶಾಲೆಯಲ್ಲಿ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಜನ ಸತ್ತಾಗ, ಆ ದಿನದ ಆಟಕ್ಕೆ ಹೋಗಬೇಕೆಂದಿದ್ದು ಕಾರಣಾಂತರದಿಂದ ಹೋಗದೆ ಉಳಿದವನೊಬ್ಬನು ಇಂಡಿಯಾನಾಪೊಲಿಸ್ ನಗರದ ಕಬ್ಬಿಣದ ಸಾಮಾನಿನ ವ್ಯಾಪಾರದಲ್ಲಿದ್ದನು. ಕಾರ್ಲ್ ಪ್ರಿನ್ಸ್ಲರ್ ಎಂದು ಅವನ ಹೆಸರು. ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದ ಯೋಚನೆಯಿಂದ ೧೯೦೮ರ ಹೊತ್ತಿಗೆ ಬಾಗಿಲ ಒಳಮೈಗೆ ಅಡ್ಡಲಾಗಿ ಹಾಕುವ ಪಟ್ಟಿಯೊಂದು ಬಂದಿತು. ಹೊರಗಿನಿಂದ ಬಾಗಿಲು ಬಿಗಿದೇ ಇರುತ್ತದೆ. ಒಳಗಿನಿಂದ ಮೈತಗುಲಿದರೆ ಸಾಕು, ತೆರೆಯುತ್ತದೆ. ಕೈ ಬೇಡ, ಕಣ್ಣು ಬೇಡ, ಅನುಮತಿ ಬೇಡ. ನಮ್ಮ ದೇಶದಲ್ಲಿ ೧೯೪೮ರಲ್ಲಿ ಫ್ಯಾಕ್ಟರಿ ಕಾಯಿದೆಯಾದಾಗಲೇ ಅದರ ೩೮ನೆಯ ಪ್ರಕರಣದಲ್ಲಿ, ಒಳಗೆ ಜನರಿರುವವರೆಗೆ ಬಾಗಿಲು ಒಳಗಿನಿಂದ ಸುಲಭವಾಗಿಯೂ ತತ್‌ಕ್ಷಣವಾಗಿಯೂ ತೆರೆಯುವಂತಿರಬೇಕೆಂದು ವಿಧಿಸಿದ್ದರು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ, ನಿರ್ಗಮದ ಬಾಗಿಲು ಒಳಗಿನವರಿಗೆ ಕೀಲಿಯಿಲ್ಲದೆ ತೆರೆಯುವಂತಿರಬೇಕೆಂದು ಹೇಳುತ್ತದೆ. ಕಾರ್ಡೂ ಕೀಲಿಯಲ್ಲದೆ ಮತ್ತೇನು?

ಅಯಸ್ಕಾಂತದ ಬೀಗವನ್ನು ಸಮರ್ಥಿಸುವವರು, ವಿದ್ಯುತ್ತು ನಿಂತರೆ ಅದು ತಾನಾಗಿಯೇ ಬಿಡುತ್ತದೆ, ಭಯವಿಲ್ಲ ಎನ್ನುತ್ತಾರೆ. ನಿಜ. ಆದರೆ ವಿದ್ಯುತ್ತು ನಿಲ್ಲುವ ನಮ್ಮ ಊರುಗಳಲ್ಲಿ ಕಳ್ಳರಿಗೆ ಬಾಗಿಲು ತೆರೆಯಬಾರದೆಂದು ಅದಕ್ಕೆ ಬ್ಯಾಟರಿಯನ್ನೂ ಜೋಡಿಸಿರುತ್ತಾರೆ. ಊರಿನ ದೀಪವೆಲ್ಲ ಆರಿದರೂ ಬೀಗ ಬಿಡುವುದಿಲ್ಲ. ಆದಕಾರಣ ಹೊಗೆಯ ಸುಳಿವನ್ನು ಹಿಡಿಯುವ ಗಂಟೆಯು ಮೊಳಗಿದೊಡನೆ ಬ್ಯಾಟರಿಯ ವಿದ್ಯುತ್ತೂ ಕಡಿದುಹೋಗುವಂತೆ ತಂತಿಯನ್ನು ಎಳೆದಿರಬೇಕು. ಅದು ತಪ್ಪಿದರೆ ಒಳಗಿನವನು ತನ್ನ ಕೈಯಿಂದಲೇ ಕಡಿಯಲು ಬಾಗಿಲ ಪಕ್ಕದಲ್ಲಿ ಗುಂಡಿಯಿರಬೇಕು. ನಾವು ಕುಳಿತಿದ್ದ ಮೆಟ್ಟಲಿನ ಬುಡದಲ್ಲಿಯೂ ಅಂಥ ಹಸಿರು ಪೆಟ್ಟಿಗೆಯೊಂದು ಇದ್ದಿತಂತೆ. ಅದರ ಮುಂದೆ ರಟ್ಟಿನ ಡಬ್ಬಗಳನ್ನು ಆಳೆತ್ತರಕ್ಕೆ ಒಟ್ಟಿದ್ದುದರಿಂದ ನಮಗೆ ಕಾಣಲಿಲ್ಲ.

ನವರಾತ್ರಿಯಲ್ಲಿ ಸಪ್ತಶತಿಯ ಪಾರಾಯಣ ಮಾಡುವ ಮನೆಗಳಲ್ಲಿ ಮೊದಲು ಕವಚ, ಅರ್ಗಲ, ಕೀಲಕಗಳನ್ನು ಹೇಳಿಕೊಳ್ಳುವ ಪದ್ಧತಿಯಿದೆ. ಅರ್ಗಲವೆಂದರೆ ಅಗುಳಿ, ಕೀಲಕವೆಂದರೆ ಬಿಗಿಯುವ ಗೂಟ. ಅದಕ್ಕೆ ಹೊಂದಿಕೊಂಡಂತೆ ಕುಂಜಿಕಾ, ಎಂದರೆ ಬೀಗದ ಕೈ ಎಂಬ ಸ್ತೋತ್ರವೂ ಇದೆ. ನಮ್ಮ ಹಳೆಯ ಮನೆಗಳ ಅಗುಳಿಯನ್ನು ನೆನೆದುಕೊಳ್ಳಿ. ಅದು ಕದದ ಒಳಗಡೆಯೇ ಇರುತ್ತಿದ್ದಿತು; ಹಾಕುವವನೂ ತೆಗೆಯುವವನೂ ಒಳಗಿದ್ದವನೇ. ನಡುರಾತ್ರಿಯಲ್ಲಿ ಕತ್ತಲಲ್ಲಿ ಕೈಯಾಡಿಸಿ ಐದು ವರ್ಷದ ಮಗುವೂ ಅದನ್ನು ಸರಿಸಬಲ್ಲುದಾಗಿದ್ದಿತು. ಒಳಗಿರುವವನನ್ನು ಹೊರಗಿರುವವನ ಅಪ್ಪಣೆಗಾಗಿ ಕಾಯಿಸುವ ಅಗುಳಿಗೆ ನಮ್ಮಲ್ಲಿ ಬೇರೆಯೇ ಒಂದು ಹೆಸರಿದ್ದಿತು. ಅದನ್ನು ಸೆರೆಮನೆಯ ಕಡೆಯವರು ಬಲ್ಲರು.

ನಾವು ಊರಿಗೆ ಬಂದು ಶಿಷ್ಯನಿಗೆ ದೀರ್ಘವಾದ ಒಂದು ಕಾಗದವನ್ನು ಬರೆದೆವು. ಬಾಗಿಲು ಹಿಡಿದು ನಿಂತ ಯುವಕನನ್ನು ಯಾರೂ ಗದರಿಸಕೂಡದೆಂದೂ ಸೇರಿಸಿದೆವು. ಅಪರಿಚಿತನಿಗೆ ಬಾಗಿಲು ಹಿಡಿಯುವುದು ಈ ಬೀಗಗಳ ನಿಯಮದಲ್ಲಿ ಅಪರಾಧವಂತೆ. ಹಿರಿಯರಿಗೆ ದಾರಿ ಬಿಡುವುದು ನಾವು ಶಾಲೆಯಲ್ಲಿ ಕಲಿಸಿದ ಪಾಠ. ಇವೆರಡರ ನಡುವೆ ಪಾಪ, ಹುಡುಗರೇನು ಮಾಡಬೇಕು? ಇಪ್ಪತ್ತು ದಿನಗಳ ಮೇಲೆ ಶಿಷ್ಯನೇ ಫೋನು ಮಾಡಿದನು. ಮೇಲಿನವರಿಗೆ ಕಾಗದವನ್ನು ತೋರಿಸಿದನಂತೆ. ಡಬ್ಬಗಳನ್ನು ತೆಗೆಸಿದ್ದಾರೆ, ಮೆಟ್ಟಲಿನ ಕೆಳಬಾಗಿಲಿಗೆ ಒಳಗಡೆಯಿಂದ ಅಡ್ಡಪಟ್ಟಿ ಹಾಕಿಸಿದ್ದಾರೆ, ಮುಟ್ಟಿದರೆ ತೆರೆಯುತ್ತದೆ, ಗಂಟೆಯೂ ಬಾರಿಸುತ್ತದೆ. ನಮಗೆ ಸಂತೋಷವಾಯಿತು. ಹಿಂದಿನ ಬಾಗಿಲು? ಎಂದು ಕೇಳಿದೆವು. ಆ ಹೆಂಗಸಿನ ಕಾರ್ಡು ಈಗಲೂ ಎರಡು ಗಂಟೆಗೇ ಸಾಯುತ್ತದೆಯೋ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಗುತ್ತಿಗೆದಾರರ ಪಟ್ಟಿ ಮೇಷ್ಟ್ರೇ, ನಮ್ಮದಲ್ಲ. ವಿಚಾರಿಸಿ ಹೇಳುತ್ತೇನೆ" ಎಂದನು.

ವಿಚಾರಿಸಿದ ವರ್ತಮಾನವು ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಹೊತ್ತಿನವರೆಗೂ ಬಂದಿಲ್ಲ.